ಗಡಿಯಪ್ಪನ ತವರುಮನೆ

ರಾಜ್ಯಗಳು ಯುದ್ಧದಿಂದ ಬದಲಾಗುತ್ತವೆ ಎಂದು ನಮ್ಮ ಶಾಲೆಯ ಇತಿಹಾಸದ ಮೇಷ್ಟ್ರು ಪಾಠ ಮಾಡುತ್ತಿದ್ದರು. ಜಿಲ್ಲೆಗಳು ಬೆಳಗಿನ ಪೇಪರಿನಿಂದ ಬದಲಾಗುತ್ತವೆ ಎಂಬುದನ್ನು ಭೂಗೋಳದ ಮೇಷ್ಟ್ರಾದ ನಾನು ಸ್ವಾನುಭವದಿಂದ ಬಲ್ಲೆ. ಭದ್ರಾವತಿಯ ಹೈಸ್ಕೂಲೊಂದರಲ್ಲಿ ನಾನು ಮೊದಲು ಸೀಮೆಸುಣ್ಣ ಹಿಡಿದಾಗ ಕರ್ನಾಟಕಕ್ಕೆ ಹತ್ತೊಂಬತ್ತು ಜಿಲ್ಲೆ. ಕಣ್ಣು ಮುಚ್ಚಿ ನಕ್ಷೆ ಬರೆಯುವಷ್ಟು ಕೈ ಪಳಗುವ ಹೊತ್ತಿಗೆ ಇಪ್ಪತ್ತಾಯಿತು. ಅದಕ್ಕೂ ಒಗ್ಗಿಕೊಂಡೆ. ಆಮೇಲೊಂದು ದಿನ ಯಾವ ಮುನ್ಸೂಚನೆಯೂ ಇಲ್ಲದೆ ಒಟ್ಟಿಗೇ ಇಪ್ಪತ್ತೇಳಕ್ಕೆ ಏರಿಬಿಟ್ಟವು. ನಿವೃತ್ತಿಯ ದಿನ ಗಂಧದ ಹಾರ ಹಾಕಿಸಿಕೊಳ್ಳುವಾಗ ಮೂವತ್ತು. ಈಗ ಜಗಲಿಯಲ್ಲಿ ಕೂತು ಕಾಲು ನೀವಿಕೊಳ್ಳುವಾಗ ಮೂವತ್ತೊಂದು. ಹಳೆಯ ಶಿಷ್ಯರು ಪೇಟೆಯಲ್ಲಿ ಸಿಕ್ಕರೆ, "ನೀವು ಕಲಿಸಿದ್ದೆಲ್ಲ ತಪ್ಪಾಯ್ತಲ್ಲ ಸಾರ್" ಎಂದು ಹಲ್ಲು ಕಿರಿಯುತ್ತಾರೆ. "ನಾನು ಕಲಿಸುವಾಗ ಸರಿಯಾಗೇ ಇತ್ತು. ನೀನು ಕಲಿಯೋಕೆ ತಡ ಮಾಡಿದೆ" ಎನ್ನುತ್ತೇನೆ.

ನಮ್ಮ ಸ್ಟಾಫ್ ರೂಮಿನಲ್ಲಿ ಬಟ್ಟೆಗೆ ಅಂಟಿಸಿದ ರಾಜ್ಯದ ನಕ್ಷೆಯೊಂದು ತೂಗುತ್ತಿತ್ತು. ಹೊಸದಕ್ಕೆ ಮಂಜೂರಾತಿ ಬರುವುದು ಯುಗಾಂತರದ ಮಾತಾದ್ದರಿಂದ, ಜಿಲ್ಲೆ ಹುಟ್ಟಿದಾಗಲೆಲ್ಲ ಅದರ ಮೇಲೆ ಕೆಂಪು ಶಾಯಿಯಲ್ಲಿ ಗೆರೆ ಎಳೆಯುವುದು ನನ್ನ ಪಾಲಿಗೆ ಬಂದಿತ್ತು. ಸರ್ಕಾರದ್ದು ಬರೀ ಅಧಿಸೂಚನೆ. ಜಾರಿಗೆ ತರುವವನು ನಾನು. ಹೀಗಿರಲಾಗಿ ದಾವಣಗೆರೆ ಜಿಲ್ಲೆಯಾಯಿತು. ಚನ್ನಗಿರಿಯನ್ನು ಶಿವಮೊಗ್ಗದಿಂದ ಬಿಡಿಸಿ ಆ ಕಡೆಗೆ ಸೇರಿಸುವಾಗ ಮಾತ್ರ ನಾನು ಲೇಖನಿ ಕೆಳಗಿಟ್ಟು ಒಮ್ಮೆ ಬಾಗಿಲ ಕಡೆ ನೋಡಿದ್ದುಂಟು. ಚನ್ನಗಿರಿ ನನ್ನ ಹೆಂಡತಿಯ ತವರು.

ಸಂಜೆ ಮನೆಗೆ ಬಂದು ಸುದ್ದಿ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟು, "ನೀವೇ ಗೆರೆ ಎಳೆದ್ರಾ?" ಎಂದಳು.

"ಸರ್ಕಾರದ ಆಜ್ಞೆ ಕಣೇ."

"ಹೆಂಡ್ತಿ ತವರು ಅನ್ನೋ ಒಂದು ಮರ್ಯಾದೆನಾದ್ರೂ ಬೇಡ್ವಾ? ಎರಡು ದಿನ ತಡೆದಿದ್ರೆ ಮುಖ್ಯಮಂತ್ರಿ ಬಂದು ಕೇಳ್ತಿದ್ರಾ?"

ಅತ್ತೆಯವರು ಇನ್ನೂ ಚೆನ್ನಾಗಿ ಹೇಳಿದರು. "ನಾವೆಲ್ಲೂ ಹೋಗಿಲ್ಲಪ್ಪ. ಇಲ್ಲೇ ಕೂತಿದೀವಿ. ಜಿಲ್ಲೇನೇ ಎದ್ದು ಹೋಯ್ತು." ಆಡಳಿತ ಪುನರ್ವಿಂಗಡಣೆಯ ಬಗ್ಗೆ ಇದಕ್ಕಿಂತ ನಿಖರವಾದ ವಿವರಣೆಯನ್ನು ನಾನು ಯಾವ ಪಠ್ಯದಲ್ಲೂ ಕಂಡಿಲ್ಲ.

ಹೀಗೆ ಜೀವಮಾನವಿಡೀ ಗೆರೆಗಳ ಸೇವೆ ಮಾಡಿದವನು ಕೊನೆಗೆ ಗೆರೆಯ ಮೇಲೆಯೇ ಮನೆ ಕಟ್ಟಿದೆ. ಮಲವಗೊಪ್ಪ ದಾಟಿ ಭದ್ರಾವತಿಯ ಕಡೆ ಹೋಗುವಾಗ ಹೆದ್ದಾರಿಯಿಂದ ಒಳಗೆ ತಿರುಗಿದರೆ ಸಿಗುವ ಬಡಾವಣೆ ನಮ್ಮದು. ಉದ್ದಕ್ಕೆ ಒಂದೇ ಬೀದಿ. ಅದರ ಪಡುವಣ ತುದಿ ಶಿವಮೊಗ್ಗ ತಾಲ್ಲೂಕು, ಮೂಡಣ ತುದಿ ಭದ್ರಾವತಿ ತಾಲ್ಲೂಕು. ಗಡಿಯು ನಡುವೆ ಎಲ್ಲೋ ಬೀದಿಯನ್ನು ಅಡ್ಡ ಹಾಯುತ್ತದೆ. 'ಎಲ್ಲೋ' ಎಂಬ ಮಾತು ಭೂಗೋಳಶಾಸ್ತ್ರಕ್ಕೆ ನಿಷಿದ್ಧ. ಕಂದಾಯ ಇಲಾಖೆಗೆ ಪಥ್ಯ. ಹಾಗಾಗಿ ನಡುವಿನ ಮನೆಗಳವರಿಗೆ ರೇಷನ್ ಕಾರ್ಡು ಶಿವಮೊಗ್ಗದ್ದು, ಕರೆಂಟ್ ಬಿಲ್ಲು ಭದ್ರಾವತಿಯದ್ದು, ಚರಂಡಿ ಯಾರದ್ದೂ ಅಲ್ಲ.

ಬೀದಿಗೊಬ್ಬ ದೇವರೂ ಇದ್ದಾನೆ: ಗಡಿಯಪ್ಪ. ಹೊಂಗೆ ಮರದ ಕೆಳಗೆ ಮೊಣಕಾಲೆತ್ತರದ ಕಲ್ಲು. ಎಣ್ಣೆ, ಕುಂಕುಮ, ವಿಭೂತಿಗಳ ಪದರದ ಒಳಗೆ ಉಗುರಿನಿಂದ ಕೆರೆದರೆ ಸರ್ವೆ ಇಲಾಖೆಯ ಉಳಿಯ ಗುರುತು ಇವತ್ತಿಗೂ ಕಾಣುತ್ತದೆ. ತಾಲ್ಲೂಕಿನ ಗಡಿ ತೋರಿಸಲೆಂದು ಯಾವುದೋ ಕಾಲದಲ್ಲಿ ನೆಟ್ಟ ಕಲ್ಲದು. ನೆಟ್ಟವರು ಮರೆತು ಹೋದರು. ಒಂಟಿಯಾಗಿ ನಿಂತ ಕಲ್ಲನ್ನು ಸುಮ್ಮನೆ ಬಿಡುವುದು ನಮ್ಮ ಜನಕ್ಕೆ ಗೊತ್ತಿಲ್ಲ. ಯಾರೋ ಒಂದು ಹೂವಿಟ್ಟರು, ಇನ್ನೊಬ್ಬರು ದೀಪ ಹಚ್ಚಿದರು, ಮಗದೊಬ್ಬರ ಎಮ್ಮೆ ಕರು ಹಾಕಿತು. ಅಲ್ಲಿಗೆ ಪ್ರಾಣಪ್ರತಿಷ್ಠೆ ಮುಗಿಯಿತು.

ಈ ದೇವರಿಗೆ ವರ್ಷಕ್ಕೊಮ್ಮೆ, ಗೌರಿಹಬ್ಬದ ಹೊತ್ತಿಗೆ, ತವರಿಗೆ ಹೋಗುವ ಪದ್ಧತಿ ಇದೆ. ಹೆಂಗಸರು ಮರದ ಕೆಳಗಿನ ಕಲ್ಲಿಗೆ ಪೂಜೆ ಮಾಡಿ, ಕಲಶ ಹೊತ್ತು, ತಮಟೆ ಬಡಿಸಿಕೊಂಡು ಬೀದಿಯ ಮೂಡಣ ದಿಕ್ಕಿಗೆ ನಡೆಯುತ್ತಾರೆ. ನಮ್ಮ ಮನೆಯನ್ನೂ ಎದುರುಮನೆಯನ್ನೂ ದಾಟಿದ ಮೇಲೆ ರಸ್ತೆಯ ನಡುವೆ ಎರಡು ಗೇಣಗಲದ ಒಂದು ಚೌಕ ಗುಂಡಿ ಇದೆ. ಅದಕ್ಕೆ ಅರಿಸಿನದ ನೀರು ಹೊಯ್ದು, ಒಬ್ಬಟ್ಟಿಟ್ಟು, ಆರತಿ ಎತ್ತಿ ಹಿಂದಿರುಗುತ್ತಾರೆ. ಕಾಂಕ್ರೀಟ್ ರಸ್ತೆ ಬಂದಾಗ ಈ ಗುಂಡಿಯನ್ನು ಮುಚ್ಚಬಾರದೆಂದು ನಮ್ಮ ಬೀದಿಯ ಸ್ತ್ರೀವರ್ಗ ಗುತ್ತಿಗೆದಾರನ ಮಿಕ್ಸರಿನ ಮುಂದೆ ಸೆರಗು ಬಿಗಿದು ನಿಂತಿತಂತೆ. ಅಂದಿನಿಂದ ಬೀದಿಗೆ ಹೊಸದಾಗಿ ಬರುವ ಪ್ರತಿ ಸ್ಕೂಟರೂ ಮೊದಲು ಅದರಲ್ಲಿ ಒಮ್ಮೆ ಮುಗ್ಗರಿಸಿ, ದೇವರಿಗೆ ನಮಸ್ಕರಿಸಿ, ಆಮೇಲೆ ಮುಂದುವರಿಯುತ್ತದೆ. ನನ್ನದೂ ನಮಸ್ಕರಿಸಿದೆ.

"ಗಂಡುದೇವರಿಗೆ ತವರು ಯಾಕೆ?" ಎಂದು ಒಮ್ಮೆ ಹೆಂಡತಿಯನ್ನು ಕೇಳಿದ್ದೆ.

"ಗಂಡಸ್ರಿಗೂ ಹುಟ್ಟಿದ ಮನೆ ಅಂತ ಇರುತ್ತೆ ಕಣ್ರೀ. ಬಿಟ್ಟು ಹೋಗಲ್ಲ, ಅದಕ್ಕೇ ನೆನಪಾಗಲ್ಲ. ಇವನು ಬಿಟ್ಟು ಬಂದಿದಾನೆ" ಎಂದಳು. ಆ ಮೆರವಣಿಗೆಯಲ್ಲಿ ಕಲಶಕ್ಕೆ ಕೊಡೆ ಹಿಡಿಯುವ ಹುದ್ದೆಯನ್ನು ನನಗೆ ವಹಿಸಿದ್ದಾರೆ. ನಿವೃತ್ತರಿಗೆ ಇಂಥ ಗೌರವಗಳು ತಾವಾಗಿ ಬರುತ್ತವೆ.

ಇಷ್ಟು ಪೀಠಿಕೆ ಬೇಕಾಯಿತು. ಈಗ ವಿಷಯ.

ಎದುರುಮನೆಯ ಯಜಮಾನರು ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ದುಡಿದು ನಿವೃತ್ತರಾದವರು. ಮನೆಮಾತು ತಮಿಳು, ಬೈಯುವಾಗ ತೆಲುಗು, ದೇವರ ಹತ್ತಿರ ಕನ್ನಡ. ಅವರ ಮಗನದು ಗುತ್ತಿಗೆ ಕೆಲಸ. ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಸೊಸೆ ಪಿಯುಸಿ ಮುಗಿಸಿದ ಹುಡುಗಿ. ಬೀದಿಯ ಚಿಕ್ಕ ಮಕ್ಕಳನ್ನೆಲ್ಲ ತನ್ನ ಜಗಲಿಯಲ್ಲಿ ಕೂರಿಸಿಕೊಂಡು ಹಾಡು ಕಲಿಸುತ್ತಿದ್ದಳು. ನಲವತ್ತು ಮಕ್ಕಳನ್ನು ಬೆತ್ತ ಹಿಡಿದು ನಾನು ಕೂರಿಸಿದ್ದಕ್ಕಿಂತ ಚೆನ್ನಾಗಿ ಅವಳು ಬರಿಗೈಯಲ್ಲಿ ಕೂರಿಸುತ್ತಿದ್ದಳು ಎಂಬುದನ್ನು ವೃತ್ತಿಮಾತ್ಸರ್ಯವಿಲ್ಲದೆ ದಾಖಲಿಸುತ್ತೇನೆ.

ಬೀದಿಯ ಪಡುವಣ ತುದಿಯ, ಅಂದರೆ ಶಿವಮೊಗ್ಗ ಭಾಗದ ಅಂಗನವಾಡಿಗೆ ಕಾರ್ಯಕರ್ತೆ ಬೇಕೆಂದು ಪ್ರಕಟಣೆ ಬಂತು. ಅವಳು ಅರ್ಜಿ ಹಾಕಿದಳು. ತಾತ್ಕಾಲಿಕ ಪಟ್ಟಿಯಲ್ಲಿ ಅವಳದೇ ಮೊದಲ ಹೆಸರು. ಮನೆಯಲ್ಲಿ ಪಾಯಸವಾಯಿತು, ನಮಗೂ ಒಂದು ಲೋಟ ಬಂತು. ಪಾಯಸ ಆರುವ ಮೊದಲೇ ಆಕ್ಷೇಪಣೆಯೂ ಬಂತು.

ಆಕ್ಷೇಪಿಸಿದವರು ಪಂಚಾಯಿತಿಯ ಒಬ್ಬ ಮಾಜಿ ಸದಸ್ಯರು. ಪಟ್ಟಿಯಲ್ಲಿ ಎರಡನೆಯವಳು ಅವರ ತಂಗಿಯ ಮಗಳು. ಅವರ ವಾದ ಸರಳವಾಗಿತ್ತು. ಕಾರ್ಯಕರ್ತೆ ಆ ಊರಿನವಳೇ ಆಗಿರಬೇಕೆಂಬುದು ನಿಯಮ. ಗಡಿಕಲ್ಲು ಹೊಂಗೆ ಮರದ ಕೆಳಗಿದೆ. ಅಂಗನವಾಡಿ ಮರದಿಂದ ಈಚೆ, ಶಿವಮೊಗ್ಗ. ಅರ್ಜಿದಾರಳ ಮನೆ ಮರದಿಂದ ಆಚೆ, ಭದ್ರಾವತಿ. ಕಲ್ಲಿಗೆ ಊರಿಗೆ ಊರೇ ಕೈ ಮುಗಿಯುತ್ತದೆ, ಇನ್ನು ಸಾಕ್ಷಿ ಬೇಕೆ? ಕಚೇರಿಯವರು ಎರಡು ತಾಲ್ಲೂಕಿನ ಸರ್ವೆಯರುಗಳೂ ಸ್ಥಳಕ್ಕೆ ಬಂದು ಗಡಿ ಗುರುತಿಸಲಿ ಎಂದು ದಿನ ಗೊತ್ತುಮಾಡಿದರು.

ಹಿಂದಿನ ಸಂಜೆ ಎದುರುಮನೆಯವರು ನಮ್ಮ ಜಗಲಿಗೆ ಬಂದರು. ಯಜಮಾನರು ಕೂರಲಿಲ್ಲ.

"ಮೇಷ್ಟ್ರೇ, ಒಂದು ಕೇಳ್ಬೇಕು. ಸರ್ವೆ ಕಲ್ಲು ಎತ್ತಿದ್ರೆ ಜೈಲಾ?"

"ಕಿತ್ತು ಹಾಕಿದರೆ ಶಿಕ್ಷೆ ಇದೆ ಅಂತ ಕೇಳಿದೀನಿ. ಯಾಕೆ?"

"ಹಾಂಗಾರೆ ಆಯ್ತು. ಪೆನ್ಶನ್ನೂ ಹೋಯ್ತು."

ಆಗ ಕತೆ ಹೊರಬಿತ್ತು. ನಾವು ಈ ಬೀದಿಗೆ ಬರುವ ಮೊದಲಿನ ಮಾತು. ಗಡಿಯಪ್ಪ ಮೊದಲು ಇದ್ದದ್ದು ಈಗ ಗುಂಡಿ ಇರುವ ಜಾಗದಲ್ಲಿ. ಒಂದು ದಿನ ಇಟ್ಟಿಗೆ ಲಾರಿ ಹಿಂದಕ್ಕೆ ಬರುತ್ತ ಗುದ್ದಿ, ದೇವರು ನೆಲಮಟ್ಟಕ್ಕೆ ಮುರಿದು ಬಿದ್ದ. ಲಾರಿ ಓಡಿಹೋಯಿತು. ಬಿದ್ದ ದೇವರನ್ನು ದಾರಿಯಲ್ಲಿ ಬಿಡುವುದು ಹೇಗೆ? ಯಜಮಾನರೂ ಅವರ ಕಾರ್ಖಾನೆಯ ಗೆಳೆಯರೂ ಸೇರಿ ಮೇಲಿನ ತುಂಡನ್ನು ಎತ್ತಿ, ನೆರಳಿರಲೆಂದು ಮರದ ಕೆಳಗೆ ನೆಟ್ಟರು. ಬುಡ ಮಣ್ಣಿನಲ್ಲೇ ಉಳಿಯಿತು. ಅದಕ್ಕೇ ತವರು, ಅದಕ್ಕೇ ಅರಿಸಿನದ ನೀರು. ಭಿನ್ನವಾದ ವಿಗ್ರಹ ಪೂಜೆಗೆ ಸಲ್ಲದೆಂದು ಶಾಸ್ತ್ರವಿದೆ. ಆದರೆ ಶಾಸ್ತ್ರ ಬರೆದವರು ಸರ್ವೆ ಕಲ್ಲಿನ ವಿಚಾರ ಎತ್ತಿಲ್ಲ. ಆಮೇಲೆ ಯಾರೋ ಜೈಲಿನ ಮಾತು ಹೇಳಿ ಹೆದರಿಸಿದ್ದರಿಂದ, ಕಲ್ಲು ಮುರಿದ ವಿಷಯವನ್ನು ಇಡೀ ಬೀದಿ ಕೂಡಿ ನುಂಗಿಕೊಂಡಿತ್ತು. ನಮಗೆ ಬರೀ ಒಬ್ಬಟ್ಟು ಕೊಟ್ಟಿದ್ದರು.

ಹುಡುಗಿ ಮೆಲ್ಲಗೆ ಹೇಳಿದಳು. "ಬೇಡ ಮಾವ. ಕೆಲ್ಸ ಹೋದ್ರೆ ಹೋಗ್ಲಿ. ಈ ವಯಸ್ಸಲ್ಲಿ ನೀವು ಸ್ಟೇಷನ್ನು ಕೋರ್ಟು ಅಂತ ಓಡಾಡೋದು ನನಗೆ ಬೇಡ."

"ನೀ ಸುಮ್ನಿರಮ್ಮ ಕಣ್ಣು. ಕುಲುಮೆ ಮುಂದೆ ನಿಂತೋನಿಗೆ ಜೈಲು ತಂಪಾಗೇ ಇರುತ್ತೆ" ಎಂದರು. ಅಂದರೇನೋ ನಿಜ. ಟವೆಲನ್ನು ಮಡಚುವುದು ಬಿಚ್ಚುವುದು ಮಾತ್ರ ನಡೆದೇ ಇತ್ತು.

ನಾನು ಗಂಭೀರವಾಗಿ ಕನ್ನಡಕ ಒರೆಸಿದೆ. ಭೂಗೋಳದ ಮೇಷ್ಟ್ರು ಏನಾದರೂ ದಾರಿ ಹೇಳಬೇಕೆಂದು ಎಲ್ಲರೂ ನೋಡುತ್ತಿದ್ದರು. ನನಗೆ ಗೊತ್ತಿದ್ದದ್ದು ಒಂದೇ: ಗೆರೆಗಳು ಯಾರ ಮಾತನ್ನೂ ಕೇಳುವುದಿಲ್ಲ. ಇನ್ನು ಸರ್ವೆಯವರು ತರುವ ಯಂತ್ರ ಗುಂಡಿಯ ಹತ್ತಿರವೇ ನಿಲ್ಲುತ್ತದೆಂದು ಏನು ಖಾತರಿ? ಹಳೆಯ ಕಲ್ಲನ್ನೇ ತಪ್ಪು ಜಾಗದಲ್ಲಿ ನೆಟ್ಟಿದ್ದರೆ? ಒಂದು ಮನೆಯಗಲ ಆಚೀಚೆಯಾದರೆ ಹುಡುಗಿಯ ಕೆಲಸ ಹೋದಂತೆ. ಮತ್ತೊಮ್ಮೆ ಕನ್ನಡಕ ಒರೆಸಿದೆ.

ನನ್ನ ಹೆಂಡತಿ ಒಳಗಿನಿಂದ ಬಂದಳು. "ನಾಳೆ ಅವರು ಬರೋ ಹೊತ್ತಿಗೆ ಗಡಿಯಪ್ಪನ್ನ ತವರಿಗೆ ಕಳಿಸೋಣ."

"ಗೌರಿಹಬ್ಬ ಎಲ್ಲಿದೆ ಈಗ?" ಎಂದೆ.

"ತವರಿಗೆ ವರ್ಷಕ್ಕೊಂದೇ ಸಲ ಹೋಗ್ಬೇಕು ಅಂತ ಯಾವ ಶಾಸ್ತ್ರದಲ್ಲಿದೆ ಹೇಳಿ. ಇದ್ರೆ ಅದನ್ನ ಬರೆದೋರು ನಿಮ್ಮಂಥೋರೇ ಇರ್ಬೇಕು. ಬೀದಿಯೋರೆಲ್ಲ ಎಲ್ಲಿಗೆ ಹೋಗಿ ನಿಲ್ತಾರೆ ಅಂತ ಸರ್ವೆಯೋರೇ ಕಣ್ಣಾರೆ ನೋಡ್ಲಿ. ಬಾರಮ್ಮ, ಕಡಲೆಬೇಳೆ ನೆನೆಹಾಕೋಣ."

ಮರುದಿನ ಬೆಳಿಗ್ಗೆ ಎರಡು ಜೀಪುಗಳು ಬೀದಿಯ ಎರಡು ತುದಿಗಳಿಂದ, ಎರಡು ಸಾಮ್ರಾಜ್ಯಗಳ ರಾಯಭಾರಿಗಳಂತೆ, ಒಳಬಂದವು. ಶಿವಮೊಗ್ಗದ ಕಡೆಯಿಂದ ಟೋಪಿ ಹಾಕಿದ ತರುಣಿಯೊಬ್ಬಳು ಸರ್ವೆಯರ್. ಭದ್ರಾವತಿಯಿಂದ ನರೆತ ಮೀಸೆಯ, ಮಿತಭಾಷಿ ಹಿರಿಯರೊಬ್ಬರು. ಇಬ್ಬರೂ ಆಗಲೇ ಹೊಲಗಳ ಕಡೆಯ ಹಳೆಯ ಕಲ್ಲುಗಳನ್ನು ಹುಡುಕಿ, ಅಳತೆ ಹಿಡಿದು ಬಂದಿದ್ದರು, ಬೀದಿಯೊಂದೇ ಬಾಕಿ. ಮಾಜಿ ಸದಸ್ಯರು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಮರದ ಕೆಳಗೆ, ಗಡಿಯಪ್ಪನ ವಕೀಲರಂತೆ, ನಿಂತಿದ್ದರು.

"ನೋಡಿ ಮೇಡಂ, ಇದೇ ಕಲ್ಲು. ಗುರುತೂ ಇದೆ. ಅಳೆಯೋದು ಎಂತಕ್ಕೆ? ಬಿಸಿಲಲ್ಲಿ ನೀವು ಸುಮ್ನೆ ತೊಂದ್ರೆ ತಗೋಬೇಡಿ."

ತರುಣಿ ಬೂಟು ಬಿಚ್ಚಿ, ಕಲ್ಲಿಗೆ ಕೈ ಮುಗಿದು, ಉಗುರಿನಿಂದ ಕುಂಕುಮ ಕೆರೆದು ಗುರುತು ನೋಡಿದಳು. ಭಕ್ತಿ ಮತ್ತು ಕರ್ತವ್ಯಗಳನ್ನು ಒಂದೇ ಬೆರಳಿನಲ್ಲಿ ನಿಭಾಯಿಸಿದ ಆ ರೀತಿ ನನಗೆ ತುಂಬ ಹಿಡಿಸಿತು. "ಗುರುತೇನೋ ನಮ್ಮದೇ" ಎಂದಳು.

ಮಾಜಿ ಸದಸ್ಯರು ನಮ್ಮ ಕಡೆ ನೋಡಿ ನಕ್ಕರು. ಹುಡುಗಿ ಕಲಶ ಹಿಡಿದು ನಿಂತಿದ್ದಳು. ಆಗ ಯಜಮಾನರು ಗುಂಪು ಸೀಳಿಕೊಂಡು ಮುಂದೆ ಬಂದು ಎರಡೂ ಕೈ ಜೋಡಿಸಿ ಚಾಚಿದರು.

"ನಾನೇ ತಾಯಿ ಎತ್ತಿದ್ದು. ಲಾರಿ ಗುದ್ದಿ ಬೀಳಿಸ್ತು, ನಾನು ಇಲ್ಲಿ ತಂದು ನೆಟ್ಟೆ. ಇವನ ಬುಡ ಅಲ್ಲಿದೆ. ಕೈಕೋಳ ತಂದಿದೀರಾ?"

ಬೀದಿಯವರೆಲ್ಲ ಒಂದು ಹೆಜ್ಜೆ ಮುಂದೆ ಬಂದರು.

"ಕೈಕೋಳ ಇಲ್ಲ ಯಜಮಾನ್ರೇ, ಟೇಪಿದೆ" ಎಂದಳು ಅವಳು. "ಮುರಿದೋನು ಲಾರಿಯೋನು, ಓಡಿಹೋದ. ಎತ್ತಿಟ್ಟೋರು ನೀವು, ಇಲ್ಲೇ ಇದೀರಿ. ಎತ್ತಿಟ್ಟೋರನ್ನ ಹಿಡಿಯೋಕೆ ನಮಗೇನು ಬೇರೆ ಕೆಲ್ಸ ಇಲ್ವಾ? ಕೈ ಕೆಳಗಿಳ್ಸಿ."

"ಕತೆ ಕಟ್ತಾ ಇದಾರೆ ಮೇಡಂ!" ಎಂದರು ಮಾಜಿ ಸದಸ್ಯರು. "ಇಷ್ಟು ದಿನ ಇಲ್ಲದ ಲಾರಿ ಇವತ್ತು ಎಲ್ಲಿಂದ ಬಂತು?"

"ಕತೆ ನನಗೂ ಬೇಡ, ನಿಮಗೂ ಬೇಡ. ಯಂತ್ರ ಹೇಳುತ್ತೆ" ಎಂದು ಅವಳು ತುದಿಗೆ ಅಣಬೆಯಂಥದ್ದೊಂದನ್ನು ಸಿಕ್ಕಿಸಿದ ಕೋಲು ತೆಗೆದಳು. ಉಪಗ್ರಹಗಳ ಜೊತೆ ಮಾತಾಡಿ ಅದು ತನ್ನ ಜಾಗ ತಿಳಿಯುತ್ತದಂತೆ. ನಾನು ಕೊಡೆ ಬಿಚ್ಚಿದೆ. ನನ್ನ ಹೆಂಡತಿ ತಮಟೆಯವನಿಗೆ ಕಣ್ಣು ಹೊಡೆದಳು.

ಅಲ್ಲಿಂದ ಮುಂದೆ ನಡೆದದ್ದು ನಮ್ಮ ಬೀದಿಯ ಚರಿತ್ರೆಯಲ್ಲಿ ಸುವರ್ಣಾಕ್ಷರದ ಪ್ರಕರಣ. ಮುಂದೆ ಕಲಶ, ಅದರ ಮೇಲೆ ಅಧಿಕೃತವಾಗಿ ನನ್ನ ಕೊಡೆ, ತಮಟೆ, ಆರತಿಯ ಹೆಂಗಸರು. ಹಿಂದೆ ಕೋಲು ಹಿಡಿದ ತರುಣಿ, ಅವಳ ಹಿಂದೆ ಮೀಸೆಯ ಹಿರಿಯರು, ಕೊನೆಗೆ ಮಾಜಿ ಸದಸ್ಯರು. ಸೋಗಾನೆಯ ನಿಲ್ದಾಣದಿಂದ ಎದ್ದ ವಿಮಾನವೊಂದು ಎರಡು ತಾಲ್ಲೂಕುಗಳನ್ನೂ ಲೆಕ್ಕಕ್ಕಿಡದೆ ಮೇಲೆ ಹಾರಿಹೋಯಿತು. ಸಾಮಾನ್ಯವಾಗಿ ಬೀದಿಗೆ ಬೀದಿಯೇ ಕತ್ತೆತ್ತಿ ನೋಡುವ ಅದನ್ನು ಅಂದು ಯಾರೂ ನೋಡಲಿಲ್ಲ.

ಎದುರುಮನೆಯ ಗೇಟು ಬಂತು. ಅಲ್ಲಿ ತರುಣಿ ನಿಂತುಬಿಟ್ಟಳು. ಕೈಯಲ್ಲಿದ್ದ ಪರದೆ ನೋಡಿದಳು. ಒಂದು ಹೆಜ್ಜೆ ಎಡಕ್ಕೆ ಹೋದಳು, ಮತ್ತೆ ಹಿಂದಕ್ಕೆ ಬಂದಳು. ಗಡಿ ಇಲ್ಲೇ ನಿಂತರೆ ಮನೆ ಆಚೆ ಉಳಿಯುತ್ತದೆ. ತಮಟೆ ಬಡಿಯುವವನು ಕೂಡ ತಾಳ ತಪ್ಪಿದ. ನಾನು ಮೂವತ್ತೊಂದು ಜಿಲ್ಲೆಗಳನ್ನು ಬೀದರದಿಂದ ಮನಸ್ಸಿನಲ್ಲೇ ಎಣಿಸತೊಡಗಿದೆ. ಕಷ್ಟಕಾಲದಲ್ಲಿ ನನಗೆ ಬರುವ ಸ್ತೋತ್ರ ಅದೊಂದೇ.

"ಸಿಗ್ನಲ್ ಹೋಗಿತ್ತು" ಎಂದು ಹೇಳಿ ಅವಳು ಮುಂದೆ ನಡೆದಳು.

ಗೇಟು ದಾಟಿತು. ಕಾಂಪೌಂಡು ದಾಟಿತು. ಹೆಂಗಸರು ಆಗಲೇ ಗುಂಡಿ ಸುತ್ತುವರಿದು ಅರಿಸಿನದ ನೀರು ಹೊಯ್ಯುತ್ತಿದ್ದರು. ತರುಣಿ ಪರದೆಯ ಮೇಲಿಂದ ಕಣ್ಣು ತೆಗೆಯದೆ ಬಂದು ನನ್ನ ಹೆಂಡತಿಯ ಬೆನ್ನಿಗೆ ಡಿಕ್ಕಿ ಹೊಡೆದಳು.

"ಅಮ್ಮಾ, ಸ್ವಲ್ಪ ಜರುಗಿ."

"ಜರುಗೋಕಾಗಲ್ಲ ತಾಯಿ. ದೇವ್ರ ತವರು ಇದು."

"ನನ್ನ ಗಡೀನೂ ಇಲ್ಲೇ ಬರ್ತಾ ಇದೆ, ಮಾರಾಯ್ತಿ!"

ಹೆಂಗಸರು ಜರುಗಿದರು. ಕೋಲಿನ ಮೊನೆ ಅರಿಸಿನದ ನೀರಿನೊಳಗೆ ಇಳಿಯಿತು. ಕೆಳಗೆ ಠಣ್ ಎಂದಿತು. ಯಂತ್ರವೂ ಕುಂಯ್ ಎಂದಿತು. ಅದುವರೆಗೆ ತುಟಿ ಬಿಚ್ಚದ ಭದ್ರಾವತಿಯ ಹಿರಿಯರು ಕುಕ್ಕರಗಾಲಲ್ಲಿ ಕೂತು, ಅಂಗಿಯ ತೋಳು ಮಡಚಿ, ಗುಂಡಿಯೊಳಗೆ ಕೈಯಾಡಿಸಿದರು. ಹಳದಿ ಕೆಸರು, ವರ್ಷಾನುವರ್ಷದ ಹೂವು, ನೆನೆದ ಒಬ್ಬಟ್ಟು ಹೊರಬಂದವು. ಕೊನೆಗೆ ನೀರು ಮೊಗೆದು ತೆಗೆದಾಗ ಮುರಿದ ಕಲ್ಲಿನ ಬುಡ, ಹಲ್ಲಿನ ಬೇರಿನಂತೆ, ಗಟ್ಟಿಯಾಗಿ ಕೂತಿತ್ತು.

"ಭದ್ರಾವತಿ ತಾಲ್ಲೂಕು ಒಪ್ಪಿದೆ" ಎಂದರು ಹಿರಿಯರು, ಕೈ ಒರೆಸಿಕೊಳ್ಳುತ್ತ. "ಇಲ್ಲಿಂದ ಆಚೆ ನಮ್ಮದು. ಆ ಮನೆ ಶಿವಮೊಗ್ಗದ್ದು."

ಆಮೇಲಿನ ಗದ್ದಲವನ್ನು ವರ್ಣಿಸುವುದು ನನ್ನಂಥ ಸಂಯಮಿಗೆ ಒಗ್ಗುವುದಿಲ್ಲ. ತಮಟೆಯವನು ಹುಚ್ಚನಂತೆ ಬಡಿದ. ಯಜಮಾನರು ಮೊದಲ ಸಲ ದೇವರಿಗೆ ತೆಲುಗಿನಲ್ಲಿ ಏನೋ ಹೇಳಿದರು. ಬೈಗುಳವಿರಲಾರದು ಎಂದು ಭಾವಿಸಿದ್ದೇನೆ. ಹುಡುಗಿ ಕಲಶ ಕೆಳಗಿಟ್ಟು ಅತ್ತಳು, ಅಳುತ್ತಲೇ ನಕ್ಕಳು. ನಾನು ಕೊಡೆಯನ್ನು ಸುಮಾರು ಎತ್ತರಕ್ಕೆ ಹಾರಿಸಿದೆನೆಂದು ಹೇಳುತ್ತಾರೆ. ಕೊಡೆಯ ಒಂದು ಕಡ್ಡಿ ಬಾಗಿರುವುದರಿಂದ ನಿರಾಕರಿಸುವಂತಿಲ್ಲ.

ಮಾಜಿ ಸದಸ್ಯರು ಗುಂಡಿಯನ್ನು ಒಮ್ಮೆ, ಯಂತ್ರವನ್ನು ಒಮ್ಮೆ ನೋಡಿದರು. "ಯಂತ್ರಕ್ಕೂ ಒಬ್ಬಟ್ಟು ತಿನ್ನಿಸಿರ್ಬೇಕು ನೀವು" ಎಂದರು.

"ನಿಮಗೂ ಇದೆ, ಬನ್ನಿ" ಎಂದು ನನ್ನ ಹೆಂಡತಿ ಎಲೆ ಚಾಚಿದಳು. ಅವರು ಬಿಗುಮಾನದಿಂದ ಒಂದು ತಿಂದರು. ಎರಡನೆಯದನ್ನು ಕೇಳಿ ಹಾಕಿಸಿಕೊಂಡರು.

ಹೊಸ ಕಲ್ಲನ್ನು ಗುಂಡಿಯ ನೇರಕ್ಕೆ, ಲಾರಿಗೆ ಸಿಗದಂತೆ, ರಸ್ತೆಯ ಅಂಚಿನಲ್ಲಿ ನೆಟ್ಟರು. ತರುಣಿ ಸುಣ್ಣ ಬಳಿಸಿ ಗುರುತು ಬರೆಸಿ, ಬೆರಳೆತ್ತಿ ಎಲ್ಲರಿಗೂ ಎಚ್ಚರಿಕೆ ಕೊಟ್ಟಳು. "ನೋಡಿ, ಇದು ಬರೀ ಕಲ್ಲು. ಸರ್ಕಾರದ ಕಲ್ಲು. ಇದಕ್ಕೆ ಪೂಜೆ ಗೀಜೆ ಎಂತದೂ ಬೇಡ."

"ಆಯ್ತು ತಾಯಿ" ಎಂದು ಬೀದಿ ಒಕ್ಕೊರಲಿನಿಂದ ಒಪ್ಪಿತು. ಅವಳ ಜೀಪು ಹೆದ್ದಾರಿಗೆ ತಿರುಗುವಷ್ಟರಲ್ಲಿ ಕಲ್ಲಿಗೆ ಕುಂಕುಮ ಬಿದ್ದಿತ್ತು.

ಅಂತಿಮ ಪಟ್ಟಿ ಬಂತು. ಹುಡುಗಿ ಕೆಲಸಕ್ಕೆ ಸೇರಿದ ದಿನ, ನಿವೃತ್ತಿಯ ಕಾಣಿಕೆಯಾಗಿ ಶಾಲೆ ನನ್ನ ಕೈಗಿತ್ತಿದ್ದ ಆ ಹಳೆಯ ಬಟ್ಟೆ ನಕ್ಷೆಯನ್ನು ಅಂಗನವಾಡಿಯ ಗೋಡೆಗೆ ತೂಗುಹಾಕಿ ಬಂದೆ. ಮೂವತ್ತೊಂದನೆಯ ಜಿಲ್ಲೆಯ ಗೆರೆಯನ್ನು ಹಿಂದಿನ ದಿನವೇ ಎಳೆದಿದ್ದೆ, ಅದೇ ಕೆಂಪು ಶಾಯಿಯಲ್ಲಿ. ಎಳೆಯುವಾಗ ಹೆಂಡತಿ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದಳು.

"ನನ್ನ ಚನ್ನಗಿರೀನ ಬಿಟ್ಟುಕೊಟ್ರಿ. ಇವಳ ಮನೆ ಉಳಿಸಿದ್ವಿ. ಇನ್ನು ನಿಮ್ಮನ್ನ ಬಯ್ಯೋದು ಸ್ವಲ್ಪ ಕಡಿಮೆ ಮಾಡ್ತೀನಿ" ಎಂದಳು. ಸಂಧಿಯ ಷರತ್ತುಗಳು ನನಗೆ ಒಪ್ಪಿಗೆಯಾದವು.

ಬೆಳಿಗ್ಗೆ ಜಗಲಿಯಲ್ಲಿ ಕೂತರೆ ಎದುರುಮನೆಯ ಹುಡುಗಿ ಅಂಗನವಾಡಿಗೆ ಹೋಗುವುದು ಕಾಣುತ್ತದೆ. ಹಿಂದೆ ಮುಂದೆ ಮಕ್ಕಳ ದಂಡು. ಹೊಂಗೆ ಮರದ ಹತ್ತಿರ ಮಕ್ಕಳೆಲ್ಲ ಗಕ್ಕನೆ ನಿಂತು ಗಡಿಯಪ್ಪನಿಗೆ ಕೈ ಮುಗಿಯುತ್ತವೆ, ಆಮೇಲೆ ಓಡುತ್ತವೆ. ಮನೆಯಿಂದ ಅಂಗನವಾಡಿಯವರೆಗೆ ಅವಳ ದಾರಿಯೆಲ್ಲ ಈಗ ಒಂದೇ ತಾಲ್ಲೂಕು. ಯಜಮಾನರು ಗೇಟಿನ ಹೊರಗೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಬೀದಿಗೆ ಲಾರಿ ಬಂದರೆ ಸಾಕು, ಎದ್ದುನಿಂತು, ಟವೆಲು ಬೀಸಿ, ಹೊಸ ಕಲ್ಲು ದಾಟುವವರೆಗೆ ಬೆಂಗಾವಲಾಗಿ ನಡೆಸಿಕೊಟ್ಟು ಬರುತ್ತಾರೆ.